ಕಲಬುರಗಿ–ಮಂಗಳೂರು: ನಡುವೆ ಬೆಂಗಳೂರು ಯಾಕೆ?

ಕಲಬುರಗಿಯಿಂದ ಮಂಗಳೂರಿಗೆ ಆಕಾಶದಲ್ಲಿ ನೆಟ್ಟಗೆ ಅಳೆದರೆ ಸುಮಾರು 530 ಕಿ.ಮೀ. ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಒಂದೂಕಾಲು ಗಂಟೆಯ ಹಾದಿ. ಮೊಬೈಲಿನಲ್ಲಿ ಹುಡುಕಿದರೆ ಈ ಲೆಕ್ಕ ಸಲೀಸಾಗಿ ಸಿಗುತ್ತದೆ, ವಿಮಾನ ಮಾತ್ರ ಸಿಗುವುದಿಲ್ಲ. ಕಲಬುರಗಿ ನಿಲ್ದಾಣವಿರುವ ಶ್ರೀನಿವಾಸ ಸರಡಗಿಯಲ್ಲಿ ಹತ್ತಿದವರು ಮಂಗಳೂರಿನ ಬಜ್ಪೆಯಲ್ಲಿ ಇಳಿಯಬೇಕೆಂದರೆ, ಬೆಂಗಳೂರಿನ ವಿಮಾನ ಇದ್ದ ಕಾಲದಲ್ಲೂ ದೇವನಹಳ್ಳಿಯ ನಿಲ್ದಾಣಕ್ಕೆ ಹೋಗಿ ಸುತ್ತಿಕೊಂಡೇ ಬರಬೇಕಿತ್ತು. ಆಗ ದೂರ 770 ಕಿ.ಮೀ. ಆಗುತ್ತಿತ್ತು. ಎರಡು ವಿಮಾನಗಳ ನಡುವೆ ಕಾಯುವ ಹೊತ್ತಿಗಂತೂ ಯಾವ ಲೆಕ್ಕವೂ ಇರಲಿಲ್ಲ.

ನಾನು ತೊಗರಿ ವ್ಯಾಪಾರದವ. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಹಬ್ಬಕ್ಕೆ ವಿಮಾನದ ಟಿಕೆಟ್ ಮಾಡಿಸಲೇ ಎಂದರೆ, "ಬ್ಯಾಡ ಅಪ್ಪಾ, ದೇವನಹಳ್ಳ್ಯಾಗ ಕುಂತು ಕಾಯೋದಕಿಂತ ರಾತ್ರಿ ಬಸ್ಸೇ ಚೊಲೊ, ನಿದ್ದಿಯರೆ ಆಗ್ತದ" ಅನ್ನುತ್ತಿದ್ದಳು. ಬೆಳಿಗ್ಗೆ ಬಸ್ಸಿಳಿದಾಗ ಚಪ್ಪಲಿ ಬಿಗಿಯಾಗುವಷ್ಟು ಕಾಲು ಊದಿರುತ್ತವೆ.

ನಮ್ಮ ನಿಲ್ದಾಣ ಶುರುವಾದದ್ದು 2019ರ ನವೆಂಬರ್ 22ರಂದು. ರನ್‌ವೇ ಮೂರು ಕಿ.ಮೀ.ಗೂ ಉದ್ದ. ಕೊರತೆ ಇರುವುದು ಡಾಂಬರಿನದಲ್ಲ, ಮಾರ್ಗದ್ದು. 2017ರಲ್ಲಿ ಕೇಂದ್ರದ ಉಡಾನ್ ಯೋಜನೆಯ ವಿಮಾನಗಳು ಹಾರತೊಡಗಿದಾಗ ಸುಮಾರು 500 ಕಿ.ಮೀ.ಯ ಒಂದು ಗಂಟೆ ಪ್ರಯಾಣಕ್ಕೆ 2,500 ರೂಪಾಯಿ ಎಂದರು. ಹೆಚ್ಚುಕಮ್ಮಿ ನಮ್ಮದೇ ದೂರ! ಆದರೆ ಆ ಯೋಜನೆಯಲ್ಲಿ ಕಂಪನಿಗೆ ನಷ್ಟ ತುಂಬಿಕೊಡುವುದು ಮೂರೇ ವರ್ಷ ಎಂದಿತ್ತು. ಆಮೇಲೆ ಸೀಟು ತುಂಬದ ಮಾರ್ಗವನ್ನು ಯಾರು ಇಟ್ಟುಕೊಳ್ಳುತ್ತಾರೆ? ನಾನಾದರೂ ಗಿರಾಕಿ ಇಲ್ಲದ ಮಾಲನ್ನು ಗೋದಾಮಿನಲ್ಲಿ ಇಡುವುದಿಲ್ಲ.

ಹಾಗಾದರೆ ಸೀಟು ತುಂಬುವ ದಾರಿ ಹುಡುಕಬೇಕು. ನಕಾಶೆ ತೆಗೆದು ನೋಡಿ. ಕಲಬುರಗಿಯಿಂದ ಹುಬ್ಬಳ್ಳಿಗೆ ಸುಮಾರು 295 ಕಿ.ಮೀ., ಹುಬ್ಬಳ್ಳಿಯಿಂದ ಮಂಗಳೂರಿಗೆ 265. ಕೂಡಿದರೆ 560. ನೇರ ಹಾರುವುದಕ್ಕಿಂತ ಬರೀ 30 ಕಿ.ಮೀ. ಹೆಚ್ಚು, ಬೆಂಗಳೂರಿನ ಸುತ್ತಿಗಿಂತ 200 ಕಿ.ಮೀ.ಗೂ ಕಡಿಮೆ. ಒಂದೇ ವಿಮಾನ, ನಡುವೆ ಅರ್ಧ ಗಂಟೆ ನಿಲುಗಡೆ ಎಂದರೂ ಎರಡೂಕಾಲು ಗಂಟೆಯಲ್ಲಿ ಕಡಲ ಊರು ಮುಟ್ಟಬಹುದು. ಕಲಬುರಗಿಯವರು ಐವತ್ತು ಸೀಟು ತುಂಬಲಿಕ್ಕಿಲ್ಲ, ಒಪ್ಪಿದೆ. ಆದರೆ ಕಲಬುರಗಿ–ಹುಬ್ಬಳ್ಳಿ, ಹುಬ್ಬಳ್ಳಿ–ಮಂಗಳೂರು, ಕಲಬುರಗಿ–ಮಂಗಳೂರು, ಈ ಮೂರೂ ಬಗೆಯ ಪ್ರಯಾಣಿಕರು ಒಂದೇ ವಿಮಾನದಲ್ಲಿ ಕೂತರೆ ಲೆಕ್ಕ ಬೇರೆಯಾಗುತ್ತದೆ. ಲಾಭವೇ ಬರುತ್ತದೆ ಎನ್ನಲಾರೆ, ನಷ್ಟವಂತೂ ಇಳಿಯುತ್ತದೆ. ಉಳಿದದ್ದನ್ನು ರಾಜ್ಯ ಸರ್ಕಾರ ತುಂಬಿಕೊಡಲಿ. ಖಾಲಿ ನಿಲ್ದಾಣದ ದೀಪಕ್ಕೂ ಕಾವಲಿಗೂ ಹೇಗೂ ಖರ್ಚು ತಪ್ಪಿದ್ದಲ್ಲ.

ದಿನಾ ಬೇಕೆಂದು ಕೇಳುತ್ತಿಲ್ಲ. ಶುಕ್ರವಾರ ಸಂಜೆ ಮಂಗಳೂರು ಬಿಡಲಿ, ಸೋಮವಾರ ಬೆಳಗಿನ ಕ್ಲಾಸಿಗೆ ಮುಟ್ಟುವಂತೆ ಭಾನುವಾರ ಸಂಜೆ ಇಲ್ಲಿಂದ ಹೊರಡಲಿ. ಮಂಗಳವಾರ ನಡುಮಧ್ಯಾಹ್ನ ವೇಳೆ ಇಟ್ಟು, ಆಮೇಲೆ ಜನ ಬರಲಿಲ್ಲ ಎಂದು ಬರೆದು ಕಡತ ಮುಚ್ಚುವುದಾದರೆ ಮಾತ್ರ ಶುರು ಮಾಡುವುದೇ ಬೇಡ.