ತನ್ನ ಮನೆ ತಾನರಿಯದ ಸ್ಕ್ರಿಪ್ಟ್

ಬೆಂಗಳೂರಿನ ಪೂರ್ವಭಾಗದಲ್ಲಿ ಮನೆ ಹುಡುಕುತ್ತ ಹೊರಟವರ ಕೈಯಲ್ಲಿ ‘ಎರಡನೆಯ ಅಡ್ಡರಸ್ತೆ’ ಎಂದಷ್ಟೇ ಬರೆದ ಚೀಟಿ ಇದ್ದರೆ ಅವರ ಪಾಡು ಹೇಳತೀರದು. ಇಂದಿರಾನಗರದಲ್ಲಿ ನಿಂತು ಓದಿದರೆ ಆ ಚೀಟಿಗೆ ಒಂದು ಅರ್ಥ, ಕೃಷ್ಣರಾಜಪುರದಲ್ಲಿ ನಿಂತು ಓದಿದರೆ ಇನ್ನೊಂದು. ಬರೆದವರು ಸುಳ್ಳು ಬರೆದಿಲ್ಲ. ಎಲ್ಲಿಂದ ಎಣಿಸಬೇಕೆಂಬುದನ್ನು ಮಾತ್ರ ಬಿಟ್ಟಿದ್ದಾರೆ. ಇದೇ ಬಡಾವಣೆಗಳ ಕಚೇರಿಗಳಲ್ಲಿ ಹಗಲಿರುಳು ದುಡಿಯುವ ಕಂಪ್ಯೂಟರುಗಳಿಗೂ ಈ ಪೀಕಲಾಟ ತಪ್ಪಿದ್ದಲ್ಲ.

ಕಂಪ್ಯೂಟರು ಸಾಲುಸಾಲಾಗಿ ಓದಿ ನಡೆಸಬೇಕಾದ ಆಜ್ಞೆಗಳನ್ನು ಬರೆದಿಟ್ಟ ಫೈಲಿಗೆ ಸ್ಕ್ರಿಪ್ಟ್ ಎಂದು ಹೆಸರು. ಹಲಸೂರಿನ ಒಂದು ಅಂಗಡಿಯ ಬಿಲ್ಲುಗಳನ್ನು ತಯಾರಿಸುವ ಸ್ಕ್ರಿಪ್ಟ್ ಇದೆಯೆಂದೂ, ಗ್ರಾಹಕರ ಪಟ್ಟಿ ಅದೇ ಫೋಲ್ಡರಿನಲ್ಲಿ ಅದರ ಪಕ್ಕದಲ್ಲೇ ಇದೆಯೆಂದೂ ಭಾವಿಸಬಹುದು. ಗುಮಾಸ್ತರು ಆ ಫೋಲ್ಡರನ್ನು ತೆರೆದು ಅಲ್ಲಿಂದಲೇ ಅದನ್ನು ಕರೆದಾಗ ಕೆಲಸ ಸರಾಗ. ರಾತ್ರಿ ಹನ್ನೊಂದಕ್ಕೆ ತಾನಾಗಿ ನಡೆಯಲೆಂದು ಯಂತ್ರಕ್ಕೇ ಒಪ್ಪಿಸಿದರೆ ‘ಪಟ್ಟಿ ಸಿಗಲಿಲ್ಲ’ ಎಂಬ ದೂರು! ಸ್ಕ್ರಿಪ್ಟು ಹುಡುಕುವುದು ತಾನಿರುವ ಕಡೆಯಲ್ಲಲ್ಲ, ಕರೆದವರು ನಿಂತಿರುವ ಕಡೆಯಲ್ಲಿ. ಆ ನಿಂತ ಸ್ಥಳವನ್ನು ತಿಳಿಸುವ ಆಜ್ಞೆಗೆ ‘ಪಿಡಬ್ಲ್ಯೂಡಿ’ ಎಂದು ಹೆಸರು. ಲೋಕೋಪಯೋಗಿ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ಸ್ಕ್ರಿಪ್ಟು ತನ್ನ ಹೆಸರನ್ನೂ ನೆಲೆಯನ್ನೂ ತಿಳಿಯುವ ಬಗೆ ಹೇಗೆ? ಯುನಿಕ್ಸ್ ಸಂಪ್ರದಾಯದಲ್ಲಿ ‘ಡಾಲರ್ ಸೊನ್ನೆ’ ಎಂಬ ಸಂಕೇತವೊಂದುಂಟು. ಆದರೆ ಅದು ಹೇಳುವುದು ಕರೆದವರು ಬಳಸಿದ ಹೆಸರನ್ನಷ್ಟೆ. ಹಾಜರಿ ಪುಸ್ತಕದ ಶ್ರೀನಿವಾಸನನ್ನು ಅಮ್ಮ ‘ಪುಟ್ಟ’ ಎಂದು ಕೂಗಿದರೆ ಉತ್ತರ ಪುಟ್ಟನೆಂದೇ. ಒಂದೇ ರೈಲು ನಿಲ್ದಾಣ ಕೆಲವರಿಗೆ ದಂಡು, ಕೆಲವರಿಗೆ ಕಂಟೋನ್ಮೆಂಟ್ ಆಗಿರುವಂತೆ. ಒಂದು ಸ್ಕ್ರಿಪ್ಟನ್ನು ಇನ್ನೊಂದು ತನ್ನೊಳಗೆ ಸೇರಿಸಿಕೊಂಡು ಓದಿದರಂತೂ ಸೇರಿಸಿಕೊಂಡದ್ದರ ಹೆಸರೇ ಬರುತ್ತದೆ. ಇದಕ್ಕಾಗಿ ‘ಬ್ಯಾಷ್’ ಎಂಬ ವ್ಯವಸ್ಥೆಯಲ್ಲಿ ‘ಬ್ಯಾಷ್ ಸೋರ್ಸ್’ ಎಂಬ ಬೇರೆ ಸಂಕೇತವನ್ನೇ ಇಟ್ಟಿದ್ದಾರೆ.

ಇನ್ನೊಂದು ತೊಡಕು ‘ಸಿಮ್‌ಲಿಂಕ್’. ಶಿವಾಜಿನಗರದ ಅಂಗಡಿಯ ಬಾಗಿಲಿಗೆ ‘ಇಂದಿರಾನಗರಕ್ಕೆ ಸ್ಥಳಾಂತರಿಸಿದೆ’ ಎಂದು ತಗಲಿಸಿದ ಹಲಗೆಯಂಥದು ಅದು. ಕಂಪ್ಯೂಟರು ಹಲಗೆಯನ್ನು ಕಂಡೊಡನೆ ಸದ್ದಿಲ್ಲದೆ ಹೊಸ ಜಾಗಕ್ಕೆ ಕರೆದೊಯ್ಯುತ್ತದೆ. ಕರೆದ ಹೆಸರನ್ನಷ್ಟೇ ನಂಬಿದ ಸ್ಕ್ರಿಪ್ಟು ಮಾತ್ರ ತಾನಿನ್ನೂ ಶಿವಾಜಿನಗರದಲ್ಲೇ ಇರುವೆನೆಂದು ತಿಳಿದಿರುತ್ತದೆ.

ಇದರಿಂದ ಎಂಥ ಅನಾಹುತವಾದೀತೆಂಬುದು 2015ರ ಜನವರಿಯಲ್ಲಿ ಬಯಲಾಯಿತು. ಅಮೆರಿಕದ ವಾಲ್ವ್ ಸಂಸ್ಥೆಯ ‘ಸ್ಟೀಮ್’ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ಒಂದು ಸ್ಕ್ರಿಪ್ಟ್ ಇತ್ತು. ತನ್ನ ಫೋಲ್ಡರು ಯಾವುದೆಂದು ತಾನೇ ಕಂಡುಕೊಂಡು, ಬೇಕಾದಾಗ ‘ಆ ಫೋಲ್ಡರು, ಗೀಟು, ಅದರಾಚೆಯದೆಲ್ಲ’ ಎಂಬ ಕ್ರಮದಲ್ಲಿ ಅಳಿಸುವುದು ಅದರ ಕೆಲಸ. ಬಳಕೆದಾರರೊಬ್ಬರು ಸ್ಟೀಮ್ ಫೋಲ್ಡರನ್ನು ಬೇರೆ ಡಿಸ್ಕಿಗೆ ಸಾಗಿಸಿ, ಹಳೆಯ ಜಾಗದಲ್ಲಿ ಸಿಮ್‌ಲಿಂಕ್ ಇರಿಸಿದರು. ಸ್ಕ್ರಿಪ್ಟಿಗೆ ತನ್ನ ನೆಲೆ ತಿಳಿಯಲಿಲ್ಲ. ಉತ್ತರದ ಜಾಗ ಬರಿದಾಯಿತು. ಉಳಿದದ್ದು ‘ಗೀಟು, ಅದರಾಚೆಯದೆಲ್ಲ’. ಲಿನಕ್ಸಿನಲ್ಲಿ ಬರಿಯ ಗೀಟೆಂದರೆ ಇಡೀ ಕಂಪ್ಯೂಟರಿನ ಬೇರು. ಅವರ ಫೈಲುಗಳೆಲ್ಲ ಅಳಿದವು. ಪ್ರತಿಗಳನ್ನಿಟ್ಟಿದ್ದ ಹೊರಗಿನ ಡಿಸ್ಕೂ ಜೋಡಣೆಯಾಗಿದ್ದುದರಿಂದ ಅದೂ ಬರಿದಾಯಿತು. ಅಳಿಸುವ ಸಾಲಿನ ಬಳಿ ಬರೆದವರೇ ‘ಭಯವಾಗುತ್ತದೆ!’ ಎಂಬರ್ಥದ ಟಿಪ್ಪಣಿ ಹಾಕಿದ್ದರು. ಟಿಪ್ಪಣಿಗಳನ್ನು ಯಂತ್ರ ಓದುವುದಿಲ್ಲ.

ಇದಕ್ಕೆ ಮದ್ದು ದುಬಾರಿಯದೇನಲ್ಲ. ಕರೆದ ಹೆಸರನ್ನು ‘ರಿಯಲ್‌ಪಾತ್’ ಎಂಬ ಆಜ್ಞೆಗೆ ಒಪ್ಪಿಸಿದರೆ ಹಲಗೆಗಳನ್ನೆಲ್ಲ ದಾಟಿ ನಿಜವಾದ ಫೈಲಿನ ಪೂರ್ಣ ವಿಳಾಸ ದೊರೆಯುತ್ತದೆ. ಕೊನೆಯ ಹೆಸರನ್ನು ಕತ್ತರಿಸಿದರೆ ಉಳಿಯುವುದೇ ಅದರ ಫೋಲ್ಡರು. ಅಲ್ಲಿಗೆ ಹೋಗಲು ಆಗದಿದ್ದರೆ, ಅಥವಾ ಉತ್ತರ ಬರಿದಾಗಿದ್ದರೆ, ಮುಂದಿನ ಸಾಲಿಗೆ ಕಾಲಿಡದೆ ಅಲ್ಲೇ ನಿಲ್ಲಬೇಕೆಂದು ಸ್ಕ್ರಿಪ್ಟಿನಲ್ಲೇ ಬರೆದಿರಬೇಕು. ಅದಕ್ಕೆ ಬೇಕಾಗುವುದು ಒಂದೇ ಸಾಲು.