ಮನೆಯೇ ಪಾಠಶಾಲೆ: ಚೆನ್ನೆಮಣೆಯ ಗಣಿತ

ಗಣಿತವೆಂದೊಡನೆ ಮುಖ ಬಾಡಿಸುವ ಮಕ್ಕಳು ನಮ್ಮ ಮನೆಗಳಲ್ಲಿ ವಿರಳವಲ್ಲ. ಮಗ್ಗಿಯನ್ನು ಗಿಳಿಯಂತೆ ಒಪ್ಪಿಸುವ ಬಾಲಕನೇ, 23 ಅಡಿಕೆಗಳನ್ನು ನಾಲ್ಕು ನಾಲ್ಕಾಗಿ ವಿಂಗಡಿಸೆಂದರೆ ದಿಕ್ಕು ತೋಚದೆ ನಿಲ್ಲುವನು. ಹುಡುಗನು ಮಂದಮತಿಯೆಂದು ಹಿರಿಯರು ತೀರ್ಮಾನಿಸಿಬಿಡುತ್ತಾರೆ. ನಿಜಸ್ಥಿತಿ ಬೇರೆ. ಸಂಖ್ಯೆಯ ಹೆಸರು ಅವನ ನಾಲಗೆಗೆ ಬಂದಿದೆ. ಸಂಖ್ಯೆಯು ಇನ್ನೂ ಕೈಗೆ ಬಂದಿಲ್ಲ. ಅದನ್ನು ಕೈಗೆ ತರುವ ಸಾಧನವಾದರೋ ಎಷ್ಟೋ ಮನೆಗಳ ಅಟ್ಟದ ಮೇಲೆ ಧೂಳು ಹಿಡಿದು ಬಿದ್ದಿರುವುದು.

ಪುತ್ತೂರು ತಾಲ್ಲೂಕಿನ ಈಶ್ವರಮಂಗಲವೇ ಮೊದಲಾದ ತುಳುನಾಡಿನ ಊರುಗಳಲ್ಲಿ ಆಟಿ ತಿಂಗಳೆಂದರೆ ಬಿಡದೆ ಸುರಿಯುವ ಮಳೆಯ ಕಾಲ. ಹೊಲತೋಟದ ಕೆಲಸಕ್ಕೆ ಬಿಡುವಾದ ಆ ದಿನಗಳಲ್ಲಿ ಚೆನ್ನೆಮಣೆಯನ್ನಾಡುವುದು ಹಿಂದಿನಿಂದ ಬಂದ ವಾಡಿಕೆ. ಮಣೆಗೆ ಎರಡು ಸಾಲು. ಸಾಲಿಗೆ 7ರಂತೆ 14 ಗುಳಿಗಳು. ಗುಳಿಗೆ 4ರಂತೆ ಮಂಜೊಟ್ಟಿ ಬೀಜಗಳನ್ನೋ ಹುಣಸೆಬೀಜಗಳನ್ನೋ ತುಂಬಿದರೆ ಒಟ್ಟು 56 ಕಾಯಿಗಳು. ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವುದೇ ಆಟದ ಮೂಲಕ್ರಮ. ಉಳಿದ ನಿಯಮಗಳು ಊರಿಂದೂರಿಗೆ ಭಿನ್ನವಾಗಿರುವುವು. ನಿಮ್ಮ ಮನೆಯ ಹಿರಿಯರು ಹೇಳಿದ ಕ್ರಮವೇ ನಿಮಗೆ ಸಾಕು.

ಈಗ ಇದರೊಳಗಣ ಲೆಕ್ಕವನ್ನು ನೋಡಿರಿ. ಮಗುವು ತನ್ನ ಸಾಲಿನ ಮೂರನೆಯ ಗುಳಿಯಿಂದ 6 ಕಾಯಿಗಳನ್ನೆತ್ತಿದೆಯೆನ್ನೋಣ. ತನ್ನ ಸಾಲಿನಲ್ಲಿ ಮುಂದಕ್ಕಿರುವುವು 4 ಗುಳಿಗಳು. ಉಳಿದ 2 ಕಾಯಿಗಳು ಎದುರಾಳಿಯ ಸಾಲಿಗೆ ಹೋಗಬೇಕು. ಕಾಯಿಯನ್ನೆತ್ತುವ ಮುನ್ನವೇ "ಕೊನೆಯದು ಎಲ್ಲಿ ಬೀಳುವುದು?" ಎಂದು ಕೇಳಿರಿ. ಆರನ್ನು ನಾಲ್ಕು ಮತ್ತು ಎರಡಾಗಿ ಒಡೆಯುವ ವಿದ್ಯೆ ಹಲಗೆ ಬಳಪಗಳಿಲ್ಲದೆ ಬರುವುದು.

ಇದಕ್ಕಿಂತ ಮೇಲಾದ ಪಾಠ ಆಟ ಮುಗಿದ ಮೇಲಿದೆ. ಒಬ್ಬನಿಗೆ 33 ಕಾಯಿಗಳು ದೊರೆತಿದ್ದರೆ ಇನ್ನೊಬ್ಬನ ಬಳಿ ಎಷ್ಟು? 56ರಲ್ಲಿ 33 ಕಳೆದರೆ 23. ಮುಂದಿನ ಸುತ್ತಿಗೆ ಸೋತವನು ತನ್ನ ಗುಳಿಗಳನ್ನು ನಾಲ್ಕು ನಾಲ್ಕರಂತೆ ತುಂಬಲು ಹೊರಟರೆ 5 ಗುಳಿಗಳು ತುಂಬಿ 3 ಕಾಯಿಗಳು ಮಿಗುವುವು. 2 ಗುಳಿಗಳು ಬರಿದಾಗುವುವು. ಗೆದ್ದವನು ಏಳನ್ನೂ ತುಂಬಿ 5 ಉಳಿಸಿಕೊಳ್ಳುವನು. ಭಾಗಲಬ್ಧ, ಶೇಷ ಎಂಬ ಮಾತುಗಳನ್ನು ಕೇಳಿ ಬೆದರುವ ಮಗುವು, ಇಲ್ಲಿ ಶೇಷವನ್ನು ಬೆರಳಿನಿಂದ ಮುಟ್ಟಿ ಎಣಿಸುವುದು.

ಈ ಸೀಮೆಯ ಮಕ್ಕಳಿಗೆ ಇನ್ನೊಂದು ತೊಡಕುಂಟು. ಎಷ್ಟೋ ಮನೆಗಳ ಮಾತು ತುಳು. ಶಾಲೆಯ ಮಾತು ಕನ್ನಡ ಅಥವಾ ಇಂಗ್ಲಿಷು. "ಒಂಜಿ, ರಡ್ಡ್, ಮೂಜಿ" ಎಂದು ಚೆನ್ನಾಗಿ ಎಣಿಸಬಲ್ಲ ಮಗು ಶಾಲೆಯಲ್ಲಿ ಪದಕ್ಕಾಗಿ ತಡವರಿಸಿದರೆ ಅದನ್ನು ಅಜ್ಞಾನವೆನ್ನಲಾಗದು. ಮಣೆಯ ಮುಂದೆ ಮೊದಲು ತಾಯಿನುಡಿಯಲ್ಲಿ, ಬಳಿಕ ಶಾಲೆಯ ನುಡಿಯಲ್ಲಿ ಎಣಿಸಲಿ. ಕಾಯಿ ಬದಲಾಗದು, ಹೆಸರು ಮಾತ್ರ ಬದಲಾಗುವುದೆಂಬುದು ತಾನಾಗಿ ತಿಳಿಯುವುದು.

ಆಟದಿಂದ ಕಲಿಸುವುದು ಶಾಲೆಗೂ ಹೊಸತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯು ಮುಂದೆ ರಾಜ್ಯದ ಸರಕಾರಿ ಶಾಲೆಗಳ ಕೆಳತರಗತಿಗಳಿಗೆ ಹಬ್ಬಿತು. ತರಗತಿಯಲ್ಲಿ ಮಣೆಯಿಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಿಂದ 14 ವೃತ್ತಗಳನ್ನೆಳೆದರಾಯಿತು. ತೀರ ಎಳೆಯರಿಗೆ 10 ಹುಣಸೆಬೀಜಗಳೇ ಸಾಕು: ಕೆಲವನ್ನು ಮುಷ್ಟಿಯಲ್ಲಿ ಮರೆಮಾಡಿ, ಉಳಿದುದನ್ನು ತೋರಿಸಿ, ಮರೆಯಾದವೆಷ್ಟೆಂದು ಕೇಳಬೇಕು.

ಒಂದೇ ಎಚ್ಚರಿಕೆ. ಆಟವನ್ನು ಪರೀಕ್ಷೆಯಾಗಿಸಬೇಡಿರಿ. ತಪ್ಪಿದರೆ ಗದರುವುದೂ, "ನಿನ್ನ ತಂಗಿ ನಿನಗಿಂತ ಮೇಲು" ಎನ್ನುವುದೂ ಸಲ್ಲದು. ಉತ್ತರ ತಪ್ಪಿದಾಗ ಕಾಯಿಗಳನ್ನೇ ಹಾಕಿ ನೋಡಲಿ. ತಿದ್ದುವ ಕೆಲಸವನ್ನು ಮಣೆಯೇ ಮಾಡುವುದು. ನಿಧಾನವಾಗಿ ಎಣಿಸುವ ಮಗುವಿಗೆ ಎಣಿಸಲು ಸಮಯ ಕೊಡಿರಿ. ಲೆಕ್ಕದ ಭಯ ಒಮ್ಮೆ ಎಳೆಯ ಮನದಲ್ಲಿ ಬೇರೂರಿದರೆ ಅದನ್ನು ಕೀಳುವುದು ಬಹು ಕಷ್ಟ. ಬೇರೂರದಂತೆ ನೋಡಿಕೊಳ್ಳಲು ದಿನಕ್ಕೆ ಅರ್ಧ ಗಂಟೆಯ ಆಟವೂ, ಜೊತೆಗೆ ಕುಳಿತುಕೊಳ್ಳುವ ಒಬ್ಬ ಹಿರಿಯರೂ ಇದ್ದರೆ ಸಾಕು.