ಕಾಲುವೆ ದಂಡೆಯ ಸಮಾಜಶಾಸ್ತ್ರ

ಸಮಾಜಶಾಸ್ತ್ರದ ಪಠ್ಯಪುಸ್ತಕ ಯಾವುದೇ ಇರಲಿ, ಶುರುವಾಗುವುದು ಪ್ಯಾರಿಸಿನಿಂದಲೇ. 1830ರ ದಶಕದ ಕೊನೆಯಲ್ಲಿ ಆಗಸ್ಟ್ ಕಾಮ್ಟ್ ಈ ಶಾಸ್ತ್ರಕ್ಕೆ ಹೆಸರಿಟ್ಟ. ಅವನ ಹಿಂದೆ ಮಾರ್ಕ್ಸ್, ದುರ್ಖೈಮ್, ವೆಬರ್ ಸಾಲಾಗಿ ಬರುತ್ತಾರೆ. ಒಬ್ಬೊಬ್ಬರಿಗೂ ಎರಡು ಪುಟ, ಒಂದು ಸಿದ್ಧಾಂತ, ಕೊನೆಗೆ ಐದು ಅಂಕದ ಟಿಪ್ಪಣಿ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ವಿದ್ಯಾರ್ಥಿಗಳೂ ಇದನ್ನು ಬಾಯಿಪಾಠ ಮಾಡಿ ಪಾಸಾಗುತ್ತಾರೆ. ಆದರೆ ಆ ಗಡ್ಡದ ಹಿರಿಯರು ಕೇಳಿದ ಪ್ರಶ್ನೆಗಳೆಲ್ಲ ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಹೊಲದ ಬದುವಿನ ಮೇಲೆಯೇ ಬಿದ್ದಿವೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಹಿಡಿದು ಹೊರಟರೆ ಸಾಕು.

ಮಾರ್ಕ್ಸ್‌ನಿಂದಲೇ ಆರಂಭಿಸಬಹುದು, ಏಕೆಂದರೆ ನೀರಾವರಿಯ ಬಗ್ಗೆ ಅವನು ನೇರವಾಗಿ ಬರೆದಿದ್ದಾನೆ. 1853ರಲ್ಲಿ 'ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್' ಪತ್ರಿಕೆಗೆ ಭಾರತ ಕುರಿತು ಬರೆದ ಲೇಖನಗಳಲ್ಲಿ, ಏಷ್ಯಾದ ಸರ್ಕಾರಗಳ ಮುಖ್ಯ ಕೆಲಸಗಳಲ್ಲಿ ಕಾಲುವೆ, ಕೆರೆಗಳ ಕಾಮಗಾರಿಯೂ ಒಂದು ಎಂದು ಅವನು ಹೇಳಿದ. ರೈಲು ಬಂದರೆ ಜಾತಿಗೆ ಆಧಾರವಾದ ವಂಶಪಾರಂಪರ್ಯದ ಕಸುಬುಗಳು ಕರಗಿಹೋಗುತ್ತವೆ ಎಂದೂ ನಂಬಿದ್ದ. ಸರಿಯಾಗಿ ನೂರು ವರ್ಷಕ್ಕೆ, 1953ರಲ್ಲಿ, ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಆಗ ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಬಿಳಿಜೋಳ, ಹತ್ತಿ ಬೆಳೆಯುತ್ತಿದ್ದ ಎರೆಭೂಮಿ ಭತ್ತದ ಗದ್ದೆಯಾಯಿತು. ಸಿಂಧನೂರು ರೈಸ್‌ಮಿಲ್ಲು, ಟ್ರ್ಯಾಕ್ಟರ್, ಗೊಬ್ಬರದಂಗಡಿಗಳ ಊರಾಯಿತು. ಕಸುಬು ಬದಲಾಯಿತು. ಜಾತಿ ಮಾತ್ರ ಮಾರ್ಕ್ಸ್ ಎಣಿಸಿದಂತೆ ಕರಗಲಿಲ್ಲ.

ಈ ಕಾಲುವೆಯನ್ನೇ ಎದುರಿಗಿಟ್ಟುಕೊಂಡು ಪೀಟರ್ ಮೊಲಿಂಗಾ ಎಂಬ ಡಚ್ ವಿದ್ವಾಂಸರು 1990ರ ದಶಕದಲ್ಲಿ ಸಂಶೋಧನೆ ನಡೆಸಿದರು. ವಾಗೆನಿಂಗೆನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಆ ಪ್ರಬಂಧ 2003ರಲ್ಲಿ 'ಆನ್ ದ ವಾಟರ್‌ಫ್ರಂಟ್' ಎಂಬ ಪುಸ್ತಕವಾಗಿ ಭಾರತದಲ್ಲೂ ಬಂತು. ಅದರ ತಿರುಳು ಸ್ಥಳೀಯರಿಗೆ ಹೊಸದಲ್ಲ. ಕಾಲುವೆಯನ್ನು ರೂಪಿಸಿದ್ದು ಬರ ತಡೆಯಲು. ಇದ್ದ ನೀರನ್ನು ಹೆಚ್ಚು ಹೊಲಗಳಿಗೆ ತೆಳುವಾಗಿ ಹಂಚಿ ಜೋಳ, ಹತ್ತಿ, ಶೇಂಗಾದಂಥ ಬೆಳೆ ಉಳಿಸುವುದು ಯೋಜನೆಯ ಉದ್ದೇಶ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂಬುದು ಸರ್ಕಾರದ ದಾಖಲೆಯಲ್ಲಿ ನಿಗದಿಯಾಗಿತ್ತು. ಮೇಲ್ಭಾಗದವರು ಭತ್ತ ಹಾಕಿದರು. ತೂಬಿನ ಲೆಕ್ಕ ತಪ್ಪಿತು. ಕೊನೆ ಭಾಗಕ್ಕೆ ಹೋಗಬೇಕಾದ ನೀರು ನಡುದಾರಿಯಲ್ಲೇ ಮುಗಿಯಿತು.

ಇಲ್ಲಿ ವೆಬರ್ ನೆನಪಾಗದೆ ಇರುವುದಿಲ್ಲ. ಆಧುನಿಕ ಅಧಿಕಾರ ನಡೆಯುವುದು ನಿಯಮ, ಕಡತ, ಹುದ್ದೆಗಳ ಮೂಲಕ, ವ್ಯಕ್ತಿಯ ಮುಖ ನೋಡಿ ಅಲ್ಲ ಎಂದವನು ಅವನು. ಎಡದಂಡೆಯಲ್ಲಿ ಕಡತ ಜೋಳ ಎನ್ನುತ್ತದೆ, ಹೊಲ ಭತ್ತ ಎನ್ನುತ್ತದೆ. ನಡುವೆ ನಿಂತ ಎಂಜಿನಿಯರ್, ಶಾಸಕ, ದೊಡ್ಡ ರೈತ, ರಾತ್ರಿ ತೂಬು ಕಾಯುವ ಸಣ್ಣ ರೈತ, ಇವರೆಲ್ಲ ಸೇರಿ ಮೂರನೆಯದೊಂದು ನಿಯಮವನ್ನು ಮಾಡಿಕೊಂಡಿರುತ್ತಾರೆ. ಮೊಲಿಂಗಾ ಅವರ ಹೆಚ್ಚುಗಾರಿಕೆ ಇರುವುದು ಈ ಮೂರನೆಯ ನಿಯಮವನ್ನು ಬರಿಯ ಭ್ರಷ್ಟಾಚಾರ ಎಂದು ತಳ್ಳಿಹಾಕದೆ ಅದರ ರಾಜಕಾರಣವನ್ನು ಬಿಡಿಸಿ ನೋಡಿದ್ದರಲ್ಲಿ.

ನೀರಿನ ಹಿಂದೆಯೇ ಜನ ಬಂದರು. ಕರಾವಳಿ ಆಂಧ್ರದಿಂದ ಬಂದ ರೈತರು ಇಲ್ಲಿಯವರ ಒಣಭೂಮಿ ಕೊಂಡು, ಸಮಮಾಡಿ, ಭತ್ತ ನಾಟಿ ಮಾಡಿದರು. ಅವರ ವಸತಿಗಳಿಗೆ 'ಕ್ಯಾಂಪ್' ಎಂಬ ಹೆಸರೇ ನಿಂತಿತು. ಎರಡು ಮೂರು ತಲೆಮಾರು ಕಳೆದರೂ ಕ್ಯಾಂಪ್ ಕ್ಯಾಂಪೇ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರಿನ ಬಳಿ ನೆಲೆ ಸಿಕ್ಕಿತು. ನಂಬರು ಹೊತ್ತ ಆ ಆರ್.ಎಚ್. ಕ್ಯಾಂಪುಗಳಲ್ಲಿ ಇಂದಿಗೂ ದುರ್ಗಾಪೂಜೆ ನಡೆಯುತ್ತದೆ. ಬರ್ಲಿನ್ನಿನ ಜಾರ್ಜ್ ಸಿಮ್ಮೆಲ್ 1908ರಲ್ಲಿ ಪರಕೀಯನ ಬಗ್ಗೆ ಕೆಲವೇ ಪುಟಗಳ ಟಿಪ್ಪಣಿ ಬರೆದಿದ್ದ. ಅವನ ಪರಕೀಯ ಬಂದು ಹೋಗುವ ಪ್ರವಾಸಿಯಲ್ಲ; ಬಂದು ನೆಲೆ ನಿಂತವನು, ಹತ್ತಿರವೂ ಹೌದು ದೂರವೂ ಹೌದು. ಪಠ್ಯಗಳು ಸಿಮ್ಮೆಲ್‌ನನ್ನು ನಾಲ್ಕು ಸಾಲಿನಲ್ಲಿ ಮುಗಿಸುವುದು ಅನ್ಯಾಯ. ಸಿಂಧನೂರನ್ನು ಅರ್ಥಮಾಡಿಕೊಳ್ಳಲು ಅವನಷ್ಟು ಒದಗುವವರು ಕಡಿಮೆ.

ಕ್ಯಾಂಪುಗಳು ನಮ್ಮವರೇ ಆದ ಎಂ.ಎನ್. ಶ್ರೀನಿವಾಸ್ ಅವರನ್ನೂ ಪರೀಕ್ಷೆಗೆ ಒಡ್ಡುತ್ತವೆ. ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಅವರು 1948ರಲ್ಲಿ ರಾಂಪುರ ಎಂದು ತಾವೇ ಹೆಸರಿಟ್ಟ ಹಳ್ಳಿಯಲ್ಲಿ ವಾಸಮಾಡಿ, 'ಪ್ರಬಲ ಜಾತಿ'ಯ ಪರಿಕಲ್ಪನೆಯನ್ನು ಕಟ್ಟಿದರು. ಸಂಖ್ಯೆ, ಭೂಮಿ, ರಾಜಕೀಯ ಬಲ ಕೂಡಿದ ಜಾತಿ ಊರನ್ನು ಆಳುತ್ತದೆ. ಅದು ವರ್ಣಕ್ರಮದ ತುದಿಯಲ್ಲೇ ಇರಬೇಕೆಂದಿಲ್ಲ. ಕಾಲುವೆ ಬಯಲಿನಲ್ಲಿ ಭೂಮಿ ಒಬ್ಬರ ಕಡೆ, ಸಂಖ್ಯೆ ಇನ್ನೊಬ್ಬರ ಕಡೆ. ಮಸ್ಕಿ ವಿಧಾನಸಭಾ ಕ್ಷೇತ್ರವೋ ಪರಿಶಿಷ್ಟ ಪಂಗಡಕ್ಕೆ ಮೀಸಲು. ಒಂದೇ ಜಾತಿಯ ಕೈಯಲ್ಲಿ ಮೂರೂ ಇರುವ ರಾಂಪುರ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಮಾರ್ಕ್ಸ್ ಆಗಲಿ, ಭಾರತದ ಧರ್ಮಗಳ ಮೇಲೆ ಗ್ರಂಥವನ್ನೇ ಬರೆದ ವೆಬರ್ ಆಗಲಿ ಈ ನೆಲಕ್ಕೆ ಕಾಲಿಟ್ಟವರಲ್ಲ. ದುರ್ಖೈಮ್ ಕೂಡ ಆಸ್ಟ್ರೇಲಿಯಾ ನೋಡದೆಯೇ ಅಲ್ಲಿನ ಮೂಲನಿವಾಸಿಗಳ ಆಚರಣೆಗಳನ್ನು ಆಧರಿಸಿ 1912ರಲ್ಲಿ ಧರ್ಮದ ಮೂಲರೂಪಗಳ ಕುರಿತ ಪುಸ್ತಕ ಬರೆದ. ಜನ ಒಟ್ಟಾಗಿ ಕುಣಿದು ಹಾಡುವಾಗ ಹುಟ್ಟುವ ಆವೇಶವೇ ದೇವರ ಅನುಭವಕ್ಕೂ ಸಮಾಜದ ಒಗ್ಗಟ್ಟಿಗೂ ಬೇರು ಎಂಬುದು ಅವನ ವಾದ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನೋಡಿದ್ದರೆ ಅವನಿಗೆ ಆಸ್ಟ್ರೇಲಿಯಾದ ಹಂಗು ಬೇಕಾಗುತ್ತಿರಲಿಲ್ಲ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಹರಕೆ ಹೊತ್ತವರಲ್ಲಿ ಹಿಂದೂಗಳೇ ಎಷ್ಟೋ ಮಂದಿ. ಕರ್ಬಲಾದ ಶೋಕ ಇಲ್ಲಿ ಕನ್ನಡದ ರಿವಾಯತ್ ಪದವಾಗಿದೆ. ಹಾಗೆಂದು ದುರ್ಖೈಮ್‌ನನ್ನು ಪೂರ್ತಿ ಒಪ್ಪಬೇಕಾಗಿಲ್ಲ: ಅಲಾಯಿ ಕುಣಿಯ ಸುತ್ತ ಒಂದಾದವರು ಮರುದಿನ ತೂಬಿನ ಬಳಿ ಜಗಳಕ್ಕೆ ನಿಲ್ಲುವುದೂ ಸಮಾಜವೇ.

ಇಷ್ಟೆಲ್ಲ ಸಿದ್ಧಾಂತಗಳ ನಡುವೆ ಈ ಭಾಗಕ್ಕೆ ಅತಿ ಮುಖ್ಯವಾದ ಪುಸ್ತಕ ಮಂಡ್ಯದ ಮೇಲಿನದು. ಸ್ಕಾರ್ಲೆಟ್ ಎಪ್‌ಸ್ಟೀನ್ 1950ರ ದಶಕದ ನಡುವೆ ವಿಶ್ವೇಶ್ವರಯ್ಯ ನಾಲೆಯ ಸೀಮೆಯ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಪುಸ್ತಕ ಬಂದದ್ದು 1962ರಲ್ಲಿ. 'ವಂಗಲ'ಕ್ಕೆ ನಾಲೆ ನೀರು ಬಂತು. 'ದಲೇನ' ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿಯಿತು. (ಎರಡೂ ಅವರೇ ಇಟ್ಟ ಹೆಸರುಗಳು.) ಸಮಾಜ ಹೆಚ್ಚು ಬದಲಾದದ್ದು ಯಾವ ಹಳ್ಳಿಯಲ್ಲಿ? ನೀರಿಲ್ಲದ ದಲೇನದಲ್ಲಿ. ವಂಗಲದಲ್ಲಿ ಕಬ್ಬು, ಹಣ ಬಂದರೂ ಒಕ್ಕಲಿಗ ರೈತರು ಮತ್ತು ದಲಿತ ಕೂಲಿಗಳ ನಡುವಿನ ಹಳೆಯ ಆನುವಂಶಿಕ ಸಂಬಂಧ ಇನ್ನಷ್ಟು ಗಟ್ಟಿಯಾಯಿತು, ಏಕೆಂದರೆ ಬೇಸಾಯಕ್ಕೆ ಆ ದುಡಿಮೆ ಬೇಕಿತ್ತು. ದಲೇನದವರು ಮಂಡ್ಯದ ಕಾರ್ಖಾನೆ, ಕಚೇರಿ, ವ್ಯಾಪಾರ ಹಿಡಿದರು. ಹಳೆಯ ಕಟ್ಟು ಸಡಿಲಿತು. 1970ರಲ್ಲಿ ಮತ್ತೆ ಹೋದಾಗ ಉಳ್ಳವರು ಇಲ್ಲದವರ ಅಂತರ ಹೆಚ್ಚಿರುವುದನ್ನು ಅವರು ಕಂಡರು.

ಸಿಂಧನೂರಿನ ಗದ್ದೆ ಬಯಲು ವಂಗಲದ ದೊಡ್ಡ ರೂಪವಾದರೆ, ಲಿಂಗಸುಗೂರು, ಮಸ್ಕಿಯ ಒಣಭಾಗ ದಲೇನಕ್ಕೆ ಹತ್ತಿರ. ಮಂಡ್ಯದ ಸಕ್ಕರೆ ಕಾರ್ಖಾನೆಯ ಜಾಗದಲ್ಲಿ ಇಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಗಣಿಯಲ್ಲಿ ಕೆಲಸ ಸಿಗದವರಿಗೆ ಬೆಂಗಳೂರಿನ ಗುಳೆ ಇದೆ. ಕಟ್ಟಡ ಕೆಲಸದಿಂದ ಮರಳುವ ಯುವಕ ಊರ ಗೌಡರ ಹೊಲದ ಜೀತಕ್ಕೆ ನಿಲ್ಲಲು ಒಪ್ಪುವುದಿಲ್ಲ. ಅದೇ ಗುಳೆ ಅವನ ಮಕ್ಕಳ ಶಾಲೆಯನ್ನೂ ಬಿಡಿಸುತ್ತದೆ ಎಂಬುದನ್ನು ಎಪ್‌ಸ್ಟೀನ್ ಅವರ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ದೀರ್ಘಕಾಲ ಧರಣಿ ಕುಳಿತರು. 2021ರ ಮಸ್ಕಿ ಉಪಚುನಾವಣೆಯಲ್ಲಿ ಅದು ದೊಡ್ಡ ವಿಷಯವಾಯಿತು. ಅವರ ಬೇಡಿಕೆ ನ್ಯಾಯವಾದದ್ದೇ. ನೀರು ಬಂದ ದಿನ ತೂಬಿನ ಬೀಗದ ಕೈ ಯಾರ ಬಳಿ ಇರಬೇಕು, ಕೂಲಿಯವರಿಗೆ ಅದರಲ್ಲಿ ಎಷ್ಟು ಪಾಲು ಎಂಬುದನ್ನು ಕಾಲುವೆ ತೋಡುವ ಮೊದಲೇ ಮಾತಾಡಿಕೊಳ್ಳಲು ಅವರಿಗೆ ಎಡದಂಡೆಯ ಎಪ್ಪತ್ತು ವರ್ಷಗಳ ಅನುಭವ ಪಕ್ಕದಲ್ಲೇ ಇದೆ.